ಗಂಗವ್ವ ಒಲ್ಲೆ ಎಂದ ಕಾಯಿ

ಕಸ್ತೂರೆವ್ವ ಬಿಟ್ಟ ತೆಂಗಿನಕಾಯಿ ನೆಟ್ಟಗೆ ಹರಿದುಹೋಗಿದ್ದರೆ ಶಿವಯೋಗೀಶ ಆ ದಿನವೂ ಎಂದಿನಂತೆ ತನ್ನ ಕಿರಾಣಿ ಅಂಗಡಿಯಲ್ಲಿ ಕೂತು ಶೇಂಗಾ ತೂಗುತ್ತಿದ್ದ. ಆದರೆ ಅದು ಬೆಂಗೇರಿಯ ನಾಲಾದಲ್ಲಿ ಸ್ವಲ್ಪ ದೂರ ಹೋಗಿ, ದಂಡೆಯ ಜಾಲಿಗಿಡದ ಬೇರಿಗೆ ಸಿಕ್ಕು ನಿಂತುಬಿಟ್ಟಿತು.

ವರ್ಷವಿಡೀ ಜನ ಮೂಗು ಮುಚ್ಚಿಕೊಂಡು ದಾಟುವ ನಾಲಾ ಅದು. ಮಳೆ ಹಿಡಿದು ಮೇಲಿನ ಕೆರೆ ಕೋಡಿ ಬಿದ್ದ ದಿನ ಮಾತ್ರ ಅದೇ ನಾಲಾ ಗಂಗವ್ವ ಆಗುತ್ತದೆ. ಓಣಿಯ ಹೆಂಗಸರು ಖಣ, ಹಸಿರು ಬಳೆ ತಂದು ಉಡಿ ತುಂಬುತ್ತಾರೆ. ಮನಸ್ಸಿನಲ್ಲಿ ಒಂದು ಬೇಡಿಕೆ ಇಟ್ಟು ಕಾಯಿ ಬಿಡುತ್ತಾರೆ. ಕಾಯಿ ಹರಿದರೆ ಗಂಗವ್ವ ಒಪ್ಪಿದಳು ಎಂದರ್ಥ. ಹರಿದ ಕಾಯಿ ಹಿಡಿಯಲು ಹುಡುಗರು ಸೇತುವೆಯ ಮೇಲಿಂದ ಧುಮುಕುತ್ತಾರೆ.

ಶಿವಯೋಗೀಶನ ತಲೆನೋವು ಈ ಧುಮುಕುವುದೇ. ಹೋದ ಮಳೆಗಾಲದಲ್ಲಿ ಅರೆಜೀವವಾಗಿದ್ದ ಒಬ್ಬನನ್ನು ಮೇಲೆತ್ತಿದ್ದನ್ನು ಕಣ್ಣಾರೆ ಕಂಡು ಅವನ ಎದೆ ಒಡೆದಿತ್ತು. ಈ ಸಲ ಒಬ್ಬರನ್ನೂ ನೀರಿಗೆ ಇಳಿಯಗೊಡುವುದಿಲ್ಲ ಎಂದು ಓಣಿಗೆಲ್ಲ ಸಾರಿ, ಒಂದು ಬೋರ್ಡು ಬರೆಸಿ ಉದ್ದನೆಯ ಬಿದಿರುಗೋಲಿಗೆ ಬಡಿದು ತಂದಿದ್ದ: "ಇಲ್ಲಿ ಈಜುವುದು ಅಪಾಯ. ಸೌಜನ್ಯ: ಶಿವಯೋಗೀಶ ಕಿರಾಣಿ ಅಂಗಡಿ." ಸೌಜನ್ಯದವನಿಗೇ ಈಜು ಬರುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿತ್ತು.

"ಅಯ್ಯ ಶಿವನ!" ಕಸ್ತೂರೆವ್ವ ಎದೆಯ ಮೇಲೆ ಕೈಯಿಟ್ಟಳು. "ನನ್ನ ಮಗಳು ಸೌಮ್ಯಾನ ಲಗ್ನ ಕೂಡಿ ಬರ್ಲಿ ಅಂತ ಬಿಟ್ಟ ಕಾಯಿ. ಇವತ್ತ ಸಂಜೀಕ ಗಂಡಿನ ಕಡೆ ಗರಗದವ್ರು ಫೋನ್ ಮಾಡವ್ರದಾರ. ಗಂಗವ್ವ ಒಲ್ಲೆ ಅಂದ್ಲಲ್ರೀ!"

ಸೇತುವೆ ಪಕ್ಕದ ಪಂಕ್ಚರ್ ಅಂಗಡಿಯ ಬಂದೇನವಾಜ ಅಂಗಿ ಬಿಚ್ಚತೊಡಗಿದ. "ಅಳಬ್ಯಾಡ್ರಿ ಅಕ್ಕಾರ. ಒಂದ ಜಿಗಿತ ಜಿಗದು ನೂಕಿ ಬರ್ತೇನಿ."

"ಮೊದ್ಲ ಅಂಗಿ ಹಾಕ್ಕೋ!" ಶಿವಯೋಗೀಶ ಅಡ್ಡ ನಿಂತ. "ನೀರು ಮ್ಯಾಲ ಕಂಡಂಗ ಒಳಗ ಇರಂಗಿಲ್ಲೋ. ಸೆಳವಿಗೆ ಸಿಕ್ಕಿ ಅಂದ್ರ ನಿನ್ನ ಈಜು ಯಾತಕ್ಕೂ ಬರಂಗಿಲ್ಲ."

"ಹಂಗಾರ ನೀವ ನೂಕ್ರಿ ಕಾಕಾ."

ಎಲ್ಲರೂ ಶಿವಯೋಗೀಶನ ಮುಖ ನೋಡಿದರು. ತಾನು ನೂಕದಿದ್ದರೆ ಈ ಹುಡುಗ ಹಾರುವುದು ಖಂಡಿತ. ಅವನು ಕಲ್ಲೆಸೆದ, ಗುರಿ ತಪ್ಪಿತು. ಕೊಡೆ ಚಾಚಿದ, ಮುಟ್ಟಲಿಲ್ಲ. ಕೊನೆಗೆ ಬೋರ್ಡನ್ನೇ ತಲೆಕೆಳಗು ಮಾಡಿ, ಹಲಗೆಯ ತುದಿಯನ್ನು ಅಪ್ಪಿ ಹಿಡಿದು ಬಿದಿರಿನಿಂದ ಕಾಯಿಯನ್ನು ತಿವಿದ.

"ಏನ್ರೀ, ದಂಡಿ ಜಾರತೈತಿ!" ಹೆಂಡತಿ ಭಾಗ್ಯಶ್ರೀ ಕೂಗಿದಳು.

"ಇನ್ನೊಂಚೂರ ಮುಂದ!" ಎಂದಳು ಕಸ್ತೂರೆವ್ವ. "ಎಡಕ್ಕ!" ಎಂದರು ಕೆಲವರು. "ಬಲಕ್ಕ!" ಎಂದರು ಉಳಿದವರು. ಶಿವಯೋಗೀಶ ಎಲ್ಲರ ಮಾತನ್ನೂ ನಡೆಸಿಕೊಡಲು ಹೋದ. ಕಾಲ ಕೆಳಗಿನ ಎರೆಮಣ್ಣು ಬೆಣ್ಣೆಯಂತೆ ಜಾರಿತು, ಅವನೂ ಬೋರ್ಡೂ ಕೂಡಿಯೇ ನೀರಿಗೆ ಬಿದ್ದರು.

ಮೂಗು, ಬಾಯಿ, ಕಿವಿಯಲ್ಲೆಲ್ಲ ಕೆಸರು ನೀರು. ನೆಲ ಕಾಲಿಗೆ ಸಿಗಲಿಲ್ಲ, ಕೂಗಿದರೆ ದನಿ ಬರಲಿಲ್ಲ. ಸತ್ತೆನೆಂದೇ ಅವನಿಗೆ ಅನಿಸಿತು. ಆದರೆ ಬೋರ್ಡು ತೇಲುತ್ತಿತ್ತು, ಅವನು ಅದನ್ನು ಬಿಡಲಿಲ್ಲ. ಸೇತುವೆಯ ಮೇಲೆ ನಿಂತವರು ಮೊದಲು ಬೋರ್ಡು ಓದಿದರು, ಆಮೇಲೆ ಅದರ ಹಿಂದಿನ ಮುಖ ಕಂಡರು.

"ಏನ್ರಿ ಯಜಮಾನ್ರ, ನಿಮಗ ಓದಾಕ ಬರಂಗಿಲ್ಲೇನು?" ಎಂದು ಒಬ್ಬ ಮೇಲಿಂದಲೇ ಗದರಿಸಿದ.

ಅಷ್ಟರಲ್ಲಿ ಬಂದೇನವಾಜ ಲಾರಿ ಟ್ಯೂಬಿಗೆ ಹಗ್ಗ ಕಟ್ಟಿ ಎಸೆದು, ನಾಲ್ಕು ಜನರನ್ನು ಕೂಡಿಸಿಕೊಂಡು ಎಳೆದು ಹಾಕಿದ. ದಂಡೆಗೆ ಬಂದ ಶಿವಯೋಗೀಶ ಎಲ್ಲರೆದುರು ಗಳಗಳನೆ ಅತ್ತ. ಒಂದು ಕೈಯಲ್ಲಿ ಬೋರ್ಡಿತ್ತು. ಇನ್ನೊಂದು ಕಂಕುಳಲ್ಲಿ, ಹೇಗೆ ಬಂತೋ ಅವನಿಗೇ ತಿಳಿಯದು, ಕಸ್ತೂರೆವ್ವನ ಕಾಯಿ ಇತ್ತು.

ಸಂಜೆ ಗರಗದವರ ಫೋನ್ ಬಂತು. ಹುಡುಗಿ ಒಪ್ಪಿಗೆ.

"ಗಂಗವ್ವ ಒಲ್ಲೆ ಅಂದಿದ್ದಿಲ್ರೀ," ಕಸ್ತೂರೆವ್ವ ಓಣಿಯ ತುಂಬ ಹೇಳಿಕೊಂಡು ಬಂದಳು. "ಶಿವಯೋಗೀಶನವ್ರ ಕೈಲೆ ಬರ್ಲಿ ಅಂತ ಕಾಯಾಕತ್ತಿದ್ಲು!"

ಶಿವಯೋಗೀಶ ಕೌದಿ ಹೊದ್ದು ಶುಂಠಿ ಕಷಾಯ ಕುಡಿಯುತ್ತಿದ್ದಾಗ ಅಂಗಡಿಯ ಮುಂದೆ ಗದ್ದಲ ಕೇಳಿಸಿತು. ಗಿರಾಕಿಗಳೆಂದು ಖುಷಿಯಿಂದ ಎದ್ದು ಬಂದ. ಸಾಲು ಹಚ್ಚಿ ನಿಂತವರೆಲ್ಲರ ಕೈಯಲ್ಲೂ ಒಂದೊಂದು ತೆಂಗಿನಕಾಯಿ.

"ಕಾಕಾ, ನನ್ನ ಮಗಗ ನೌಕರಿ ಆಗವಲ್ದು. ನಾಳೆ ಮುಂಜಾನೆ ನಮ್ಮದೂ ಒಂದ ಒಯ್ರಿ."

"ಬಂದೇನವಾಜ ಟ್ಯೂಬ್ ತಯಾರ ಇಟ್ಟಾನ್ರಿ, ಅಂಜಬ್ಯಾಡ್ರಿ."

"ಬೋರ್ಡ್ ಓದಿಲ್ಲೇನು ನೀವು?" ಶಿವಯೋಗೀಶ ಕಿರುಚಿದ. "ಈಜೂದು ಅಪಾಯ!"

"ಓದೇವಲ್ರಿ," ಎಂದಳು ಕಸ್ತೂರೆವ್ವ ಸಮಾಧಾನದಿಂದ. "ನಿಮಗೆಲ್ಲಿ ಈಜು ಬರತೈತಿ? ನೀವು ಸುಮ್ನ ತೇಲ್ರಿ, ಸಾಕು."

ಇವರಿಗೆ ಬುದ್ಧಿ ಹೇಳಲು ಹೆಂಡತಿಯೇ ಸರಿ ಎಂದು ಅವನು ಸುತ್ತ ನೋಡಿದ. ಭಾಗ್ಯಶ್ರೀ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ, ಅರಿಸಿನ ಹಚ್ಚಿದ ಕಾಯಿ ಹಿಡಿದು ನಿಂತಿದ್ದಳು.

"ನಮ್ಮದು ಮೊದ್ಲ ಒಯ್ರಿ," ಎಂದಳು.

"ನೀನೂನಾ? ಏನ ಬೇಡ್ಕೊಂಡಿ?"

ಭಾಗ್ಯಶ್ರೀ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಇನ್ನ ಮುಂದ ನೀವು ನೀರಿಗೆ ಬೀಳಬಾರದು ಅಂತ."