ಮೊರದೊಳಗಿನ ಎರಡು ಗುಂಡು

ಸುಮ್ಮನೆ ಕೂತ ದಿನ ನನಗೆ ಏನೂ ಆಗುವುದಿಲ್ಲ. ಅಗ್ಗಕ್ಕೆ ಸಿಕ್ಕಿತೆಂದು ಯಾವುದಾದರೂ ಮೂಟೆ ಹೊತ್ತು ತಂದರೆ ಮಾತ್ರ ಎಲ್ಲವೂ ಆಗುತ್ತದೆ. ಮದ್ದೂರಿನ ಒಂದು ಗಲ್ಲಿಯಲ್ಲಿ ನನ್ನದೊಂದು ಪುಟ್ಟ ಅಂಗಡಿ. ಕರಿಮಣಿ ಪೋಣಿಸುತ್ತೇನೆ, ಸರ ಕಟ್ಟುತ್ತೇನೆ, ಕಿತ್ತ ಕೊಂಡಿ ಹಾಕಿಕೊಡುತ್ತೇನೆ. ಹೋದ ವರ್ಷ ಹಳೇ ಮಣಿಗಳ ಒಂದು ಮೂಟೆ ತಂದೆ. ಅದರಿಂದ ಒಬ್ಬ ಹೆಣ್ಣುಮಗಳ ತಾಳಿಯ ಚಿನ್ನ ಕಳೆದು, ನಾನು ಕಳ್ಳಿ ಅನ್ನಿಸಿಕೊಳ್ಳುವುದು ಸ್ವಲ್ಪದರಲ್ಲಿ ತಪ್ಪಿತು. ಈಗ ನಗುತ್ತೇನೆ. ಅವತ್ತು ನನ್ನ ಬಾಯಲ್ಲಿ ನೀರಿನ ಪಸೆ ಇರಲಿಲ್ಲ.

ಮೂಟೆ

ಮಂಡ್ಯದಲ್ಲಿ ಒಂದು ಫ್ಯಾನ್ಸಿ ಸ್ಟೋರು ಮುಚ್ಚುತ್ತಿತ್ತು. ಉಳಿದ ಮಾಲನ್ನೆಲ್ಲ ಗೋಣಿಚೀಲಕ್ಕೆ ಸುರಿದು ಬಾಯಿ ಹೊಲಿದಿದ್ದರು. ಬಿಚ್ಚಿ ನೋಡಲಾ ಅಂದೆ.

"ನೋಡ್ಬುಟ್ರೆ ನೀವು ತಗೊಳಲ್ಲ ಕಣಮ್ಮ," ಅಂದರು ಯಜಮಾನರು.

ಇಷ್ಟು ಪ್ರಾಮಾಣಿಕ ಮನುಷ್ಯ ಮೋಸ ಮಾಡಲಾರ ಅಂದುಕೊಂಡು ತೆಗೆದುಕೊಂಡೆ. ಬಸ್ಸಿನಲ್ಲಿ ಕಂಡಕ್ಟರು ಮೂಟೆಯನ್ನು ಕಾಲಿನಿಂದ ತಳ್ಳಿ, "ಏನಮ್ಮ ಇದು, ಉಳ್ಳಿಕಾಳಾ?" ಅಂದರು.

"ಮಣಿ."

"ಇಷ್ಟು ಮಣಿನಾ? ಯಾವ ದೇವ್ರಿಗೆ ಜಪ ಮಾಡೀಯೆ?"

ಮನೆಯಲ್ಲಿ ಹೊಲಿಗೆ ಬಿಚ್ಚಿದಾಗ ನಿಜವಾಗಿಯೂ ದೇವರು ನೆನಪಾದ. ಕರಿಮಣಿ, ಬಣ್ಣದ ಹವಳ, ಪ್ಲಾಸ್ಟಿಕ್ ಮುತ್ತು, ಕೊಂಡಿ, ತಂತಿ, ಸಿಕ್ಕುಬಿದ್ದ ನೈಲಾನು ದಾರ, ಎಲ್ಲ ಒಂದರೊಳಗೊಂದು. ಜೊತೆಗೆ ಬೊಗಸೆ ತುಂಬ ಒಂಟಿ ಜುಮುಕಿ.

"ಇವನ್ನ ಯಾರಿಗೆ ಮಾರ್ತೀಯೆ?" ಅಂದರು ನನ್ನ ಗಂಡ. ಅವರು ಆಟೋ ಓಡಿಸುತ್ತಾರೆ.

"ದಿನಾ ಅಷ್ಟು ಜನ ನಿಮ್ಮ ಆಟೋ ಅತ್ತುತಾರಲ್ಲ, ಒಂಟಿ ಕಿವಿಯೋರು ಸಿಕ್ರೆ ಕರ್ಕೊಂಡು ಬನ್ನಿ," ಅಂದೆ.

ಕರೆಂಟು ಬಂತು

ಕರೆಂಟು ಹೋದಾಗ ಅನಾಹುತ ಆಗುವುದು ಎಲ್ಲರ ಮನೆಯಲ್ಲೂ ಉಂಟು. ನನಗೆ ಆದದ್ದು ಕರೆಂಟು ಬಂದಾಗ.

ಅವತ್ತು ಅಂಗಡಿಯಲ್ಲಿ ಕೂತು, ಮೂಟೆಯಲ್ಲಿ ಸಿಕ್ಕ ಗುಂಡುಗಳನ್ನು ಮೊರಕ್ಕೆ ಸುರಿದುಕೊಂಡು ಆರಿಸುತ್ತಿದ್ದೆ. ತಾಳಿಯ ಪಕ್ಕ ಪೋಣಿಸುವ ಗುಂಡು, ಆದರೆ ಚಿನ್ನದ್ದಲ್ಲ. ಹಿತ್ತಾಳೆಗೆ ಚಿನ್ನದ ನೀರು ಕುಡಿಸಿದ್ದು. ಆಗ ಚಿಕ್ಕರಸಿನಕೆರೆ ಕಡೆಯ ಒಬ್ಬ ಸೊಸೆ ಬಂದಳು. ಮದುವೆಯಾಗಿ ಹೆಚ್ಚು ಕಾಲವಾಗಿರಲಿಲ್ಲ.

"ಅಕ್ಕ, ದಾರ ಸವೆದದೆ. ನಾಳೆ ನಾದಿನಿ ಮನೆ ಗೃಹಪ್ರವೇಶ. ಈಗ್ಲೇ ಪೋಣಿಸ್ಕೊಡಿ," ಅಂದಳು. ಕೊರಳಿಗೆ ಅರಿಸಿನದ ಕೊಂಬು ಕಟ್ಟಿಕೊಂಡು ತಾಳಿ ಬಿಚ್ಚಿ ಕೊಟ್ಟಳು. "ಗುಂಡು ಮಾತ್ರ ಜೋಪಾನ. ನಮ್ಮತ್ತೆ ಮನೆ ಹಳೇ ಚಿನ್ನ. ಅದಕ್ಕೇನಾರ ಆದ್ರೆ ನಾನು ಮನೆಗೆ ಓಗಂಗಿಲ್ಲ."

ಅವಳ ಎರಡು ಗುಂಡನ್ನು ತೆಗೆದು ಒಂದು ತಟ್ಟೆಯಲ್ಲಿ ಬೇರೆ ಇಟ್ಟೆ. ಅಷ್ಟರಲ್ಲಿ ಕರೆಂಟು ಬಂತು. ಟೇಬಲ್ ಫ್ಯಾನು ಒಂದೇ ಸಲ ಜೋರಾಗಿ ತಿರುಗಿ, ಪಕ್ಕದಲ್ಲಿ ಹಾಸಿದ್ದ ಪೇಪರು ಎದ್ದು ನನ್ನ ಮುಖಕ್ಕೆ ಬಡಿಯಿತು. ಅದನ್ನು ತಳ್ಳಲು ಹೋದ ಕೈ ತಟ್ಟೆಗೆ ತಾಗಿತು. ತಟ್ಟೆ ಮೊರದೊಳಕ್ಕೆ ಮಗುಚಿತು.

ಮೊರದ ತುಂಬ ಗುಂಡು. ಯಾವುದು ನನ್ನದು, ಯಾವುದು ಅವಳದು, ಆ ದೇವರಿಗೇ ಗೊತ್ತು. ಸೊಸೆಯ ಮುಖ ಬಿಳಿಚಿಕೊಂಡಿತು.

ಸದ್ದು ಕೇಳಿ ಒಳಗೆ ಬಂದ ನನ್ನ ಗಂಡ ಮಾತ್ರ ಫ್ಯಾನಿನ ಕಡೆ ನೋಡಿ, "ಸದ್ಯ, ಕರೆಂಟು ಬಂತಲ್ಲ," ಅಂದರು.

ಅಯಸ್ಕಾಂತ

ಗಂಡಸರಿಗೆ ಇಂಥ ಹೊತ್ತಿನಲ್ಲಿ ವಿಜ್ಞಾನ ನೆನಪಾಗುತ್ತದೆ. "ಅಳಬ್ಯಾಡ ಕಣವ್ವ, ಸುಮ್ಕಿರು," ಎಂದು ಆ ಸೊಸೆಗೆ ಧೈರ್ಯ ಹೇಳಿ, ಹಳೇ ಸ್ಪೀಕರು ಒಡೆದು ಅದರ ಅಯಸ್ಕಾಂತ ತಂದರು. "ಚಿನ್ನ ಅಂಟಲ್ಲ. ನಕಲಿಯೆಲ್ಲ ಬಂದು ಅಂಟ್ಕತದೆ. ಉಳಿದ ಎರಡು ನಿಂದು."

ಮೊರದ ಮೇಲೆ ಅಯಸ್ಕಾಂತವನ್ನು ಆರತಿ ಎತ್ತಿದ ಹಾಗೆ ತಿರುಗಿಸಿದರು. ನಾನೂ ಅವಳೂ ಉಸಿರು ಬಿಗಿ ಹಿಡಿದು ನೋಡಿದೆವು. ಒಂದು ಗುಂಡೂ ಅಲ್ಲಾಡಲಿಲ್ಲ. ಹಿತ್ತಾಳೆಯೂ ಅಂಟುವುದಿಲ್ಲವೆಂದು ನಮಗೆ ಆಮೇಲೆ ತಿಳಿಯಿತು.

ಅವರು ಅಯಸ್ಕಾಂತ ಕೆಳಗಿಟ್ಟು, ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು: "ಲೇ, ಬಾಗ್ಲು ಆಕು. ಎಲ್ಲಾ ಚಿನ್ನ ಕಣೇ!"

ಫೋನು

ಸೊಸೆಯ ಫೋನು ಬಡಿದುಕೊಂಡಿತು. ಅತ್ತೆ. ನಮ್ಮಲ್ಲಿ ತಾಳಿಯ ವಿಷಯಕ್ಕೆ ಕಿತ್ತುಹೋಯಿತು, ಕಳೆದುಹೋಯಿತು ಎನ್ನುವ ಮಾತನ್ನು ಬಾಯಿಗೆ ತರುವಂತಿಲ್ಲ. ಅದೂ ಅತ್ತೆಯ ಹತ್ತಿರ. ಆ ಹುಡುಗಿ ತಡವರಿಸುತ್ತಾ, "ಆಯ್ತಾ ಅದೆ ಅತ್ತೆ, ಇನ್ನೊಂದು ಗಳಿಗೆ," ಅಂದಳು.

ಅತ್ತೆಯ ದನಿ ಎಂಥದ್ದೆಂದರೆ ಫೋನು ಕಿವಿಗಿಟ್ಟರೂ ನಮಗೆಲ್ಲ ಕೇಳಿಸುತ್ತಿತ್ತು. "ಯಾಕಮ್ಮಿ ದನಿ ಹಂಗದೆ? ಯಾಕೆ ತೊದಲ್ತಿದ್ದೀಯೆ?"

"ಏನಿಲ್ಲ ಅತ್ತೆ."

ಹಿಂದೆ ನನ್ನ ಗಂಡ ನೆಲದ ಮೇಲೆ ತೆವಳುತ್ತಾ, ಮೊರದ ಹೊರಗೂ ಏನಾದರೂ ಉರುಳಿದೆಯಾ ಎಂದು ನೋಡುತ್ತಿದ್ದರು. ಅದೇ ಗಳಿಗೆಯಲ್ಲಿ ಗಟ್ಟಿಯಾಗಿ ಕೂಗಿದರು: "ಗುಂಡು ಎಲ್ಲೋಯ್ತು? ನಂಗೊಂದಾದ್ರೂ ಗುಂಡು ಸಿಗಬಾರ್ದಾ!"

ನಮ್ಮ ಸೀಮೆಯಲ್ಲಿ ಗುಂಡು ಅಂದರೆ ತಾಳಿಯದ್ದು ನೆನಪಾಗುವುದು ಹೆಂಗಸರಿಗೆ. ಮಿಕ್ಕವರಿಗೆಲ್ಲ ಬಾಟಲಿಯೇ ನೆನಪಾಗುವುದು. ಗಂಡಸಿನ ದನಿ ಕೇಳಿದ್ದರಿಂದ ಅತ್ತೆಗೂ ಬಾಟಲಿಯೇ ನೆನಪಾಗಿತ್ತು.

"ಯಾವ ಅಂಗಡೀಲಿ ಕುಂತಿದ್ದೀಯೆ ನೀನು?" ಅಂದರು ಅತ್ತೆ. "ಅಲ್ಲೇ ಇರು. ಬಸ್ಸು ಅತ್ತೀನಿ."

ಒರೆಗಲ್ಲು

ಇನ್ನು ತಡ ಮಾಡುವಂತಿರಲಿಲ್ಲ. ಅತ್ತೆ ಬರುವುದರೊಳಗೆ ಆ ಎರಡು ಗುಂಡು ಸಿಗಬೇಕು. ಬೀದಿಯ ತುದಿಯ ಚಿನ್ನದ ಆಚಾರಿಯನ್ನು ಗಂಡ ಆಟೋದಲ್ಲಿ ಕೂರಿಸಿಕೊಂಡು ಬಂದರು. ಅವರು ಬಂದವರೇ ಮೊರ ನೋಡಲಿಲ್ಲ. "ಕಾಫಿ ಇಲ್ವಾ?" ಅಂದರು. ಕಾಫಿ ಕುಡಿದರು. ಲೋಟ ಕೆಳಗಿಟ್ಟು, ಚಿನ್ನದ ಬೆಲೆ ಯಾಕೆ ಏರುತ್ತಿದೆ ಎಂದು ವಿವರಿಸಲು ಶುರು ಮಾಡಿದರು. ಸೊಸೆ ಬಸ್ ಸ್ಟ್ಯಾಂಡಿನ ಕಡೆಗೇ ನೋಡುತ್ತಾ ಬೆರಳು ಹಿಸುಕಿಕೊಳ್ಳುತ್ತಿದ್ದಳು. ನನಗೋ, ಅವರ ಬಾಯಿಗೆ ಬಟ್ಟೆ ತುರುಕೋಣ ಅನ್ನಿಸಿತು.

ಕೊನೆಗೂ ಒರೆಗಲ್ಲು ಹೊರಗೆ ಬಂತು. "ಮೊದ್ಲು ಒಂದು ಅಸಲಿ ಚಿನ್ನ ಕೊಡಿ. ಅದರ ಗೆರೆ ಪಕ್ಕ ಇವುಗಳ ಗೆರೆ ಎಳೆದು ನೋಡ್ಬೇಕು," ಅಂದರು.

ನನ್ನ ಗಂಡ ದೊಡ್ಡ ಮನಸ್ಸು ಮಾಡಿ ಮದುವೆಯ ಉಂಗುರ ಬಿಚ್ಚಿಕೊಟ್ಟರು. ಆಚಾರಿ ಕಲ್ಲಿನ ಮೇಲೆ ಉಜ್ಜಿದರು, ಒಂದು ಹನಿ ಆಸಿಡ್ಡು ಬಿಟ್ಟರು. ಗೆರೆ ಹಾಗೇ ಮಾಯವಾಯಿತು.

"ಇದು ಯಾರು ಕೊಟ್ಟಿದ್ದು?"

ಗಂಡ ನಿಧಾನವಾಗಿ ನನ್ನ ಕಡೆ ತಿರುಗಿದರು. "ಮಾವನೋರು."

ನಾನು ಮೊರದೊಳಗೆ ತಲೆ ಹಾಕಿ ಕೂತೆ. ಆಚಾರಿ ಉಂಗುರವನ್ನು ಗುಂಡುಗಳ ನಡುವೆ ಎಸೆದು, "ಇದನ್ನೂ ಇವುಗಳ ಜೊತೇಲೆ ಮಡಗಿ," ಅಂದರು.

ಕೊನೆಗೆ ಆಚಾರಿ ತಮ್ಮ ಕಿವಿಯ ಓಲೆಯನ್ನೇ ಆಧಾರ ಮಾಡಿಕೊಂಡು ಒಂದೊಂದೇ ಗುಂಡು ಉಜ್ಜಿದರು. ಗೆರೆ ಹೋಯಿತು, ಹೋಯಿತು, ಹೋಯಿತು. ಮೊರ ಬರಿದಾಗುತ್ತಾ ಬಂದಾಗ ಒಂದು ಗೆರೆ ನಿಂತಿತು. ಆಮೇಲೆ ಇನ್ನೊಂದು. ನಾನು ಅಲ್ಲೇ ಅತ್ತುಬಿಟ್ಟೆ.

ನಂದಲ್ಲ

ಕಣ್ಣೊರೆಸಿಕೊಂಡು ಆ ಎರಡು ಗುಂಡನ್ನು ಸೊಸೆಯ ಅಂಗೈಗೆ ಹಾಕಿದೆ. ಅವಳು ತಿರುಗಿಸಿ ನೋಡಿದಳು. ಮುಖ ಗಂಟಿಕ್ಕಿತು.

"ಇದು ನಂದಲ್ಲ ಕಣಕ್ಕ."

"ಏನು?"

"ಮಂಕಾಗದೆ. ಒಂದು ಸೊಟ್ಟಗೂ ಅದೆ. ನಮ್ಮತ್ತೆ ಮನೆ ಚಿನ್ನ ಹಿಂಗಿರಲ್ಲ." ಮೊರಕ್ಕೆ ಕೈ ಹಾಕಿ ಫಳಫಳ ಹೊಳೆಯುವ ಎರಡನ್ನು ಎತ್ತಿಕೊಂಡಳು. "ಇವೇ ನಂದು. ಇವನ್ನೇ ಪೋಣಿಸಿ."

ನಾನು ಎಷ್ಟು ಹೇಳಿದರೂ ಕೇಳಲಿಲ್ಲ. ಆಚಾರಿ ಒರೆಗಲ್ಲು ತೋರಿಸಿದರೆ, "ನೀವು ಇವ್ರ ಕಡೆಯೋರು," ಅಂದಳು. ಹೊಳೆಯುವುದನ್ನು ಕಟ್ಟಿಕೊಟ್ಟರೆ ನಾಳೆ ಕಳ್ಳಿ, ಕಟ್ಟದಿದ್ದರೆ ಇವತ್ತೇ ಕಳ್ಳಿ. ಅವಳ ದನಿ ಏರಿತು, ನನ್ನದೂ ಏರಿತು, ಗಲ್ಲಿಯ ಜನ ಬಾಗಿಲಿಗೆ ಬಂದು ನಿಂತರು. ಆ ಜನರನ್ನು ಎರಡು ಕೈಯಲ್ಲಿ ಸರಿಸಿಕೊಂಡು ಅತ್ತೆ ಒಳಗೆ ಬಂದರು. ಬಂದವರೇ ಮೊದಲು ಸೊಸೆಯ ಬಾಯಿ ಮೂಸಿ ನೋಡಿದರು.

ವಾಸನೆ ಇಲ್ಲವೆಂದು ಖಾತ್ರಿಯಾದ ಮೇಲೆ, "ಏನಿದು ರಂಪ?" ಅಂದರು.

ನಾನು ಎಲ್ಲವನ್ನೂ ಹೇಳಿದೆ. ಗುಂಡು ಬಿದ್ದದ್ದು, ಬೆರೆತದ್ದು, ಎಲ್ಲ. ಅವರು ಮಂಕಾದ ಗುಂಡು ಈಸಿಕೊಂಡು, ಸೊಟ್ಟಗಾದ ಕಡೆ ಉಗುರಿನಿಂದ ಸವರಿದರು. ಇಡೀ ಗಲ್ಲಿ ಅವರ ಬಾಯಿಯನ್ನೇ ನೋಡುತ್ತಿತ್ತು.

ಆ ಬಾಯಿ ಮೆಲ್ಲಗೆ ಅಗಲವಾಯಿತು. "ಅಯ್ಯೋ! ನಮ್ಮತ್ತೆ ಹಲ್ಲು!"

ಯಾರಿಗೂ ಅರ್ಥವಾಗಲಿಲ್ಲ.

"ನನ್ ಮದ್ವೇಲಿ ಇದನ್ನ ಮಾಡ್ಸಿದ್ದು ನಮ್ಮತ್ತೆ ಕಣ್ರಮ್ಮ. ಆಚಾರಿ ಮೇಲೆ ನಂಬ್ಕೆ ಇಲ್ದೆ, ಅವ್ನ ಮುಂದೇನೆ ಕಚ್ಚಿ ನೋಡಿದ್ಲು. ಅವಳ ಮುಂದಿನ ಹಲ್ಲು ಸೊಟ್ಟ, ಅದಕ್ಕೇ ಗುರುತೂ ಸೊಟ್ಟ." ಸೊಸೆಯ ಕಡೆ ತಿರುಗಿದರು. "ಸತ್ತು ಮಣ್ಣಾದ್ರೂ ಅವಳ ಹಲ್ಲು ನಮ್ಮನೆ ಸೊಸೇರ ಕತ್ತಲ್ಲೇ ಅದೆ ನೋಡು. ಹೊಳೆಯೋದ್ನ ಕೆಳಕ್ಕಾಕು!"

ಸೊಸೆ ಹಾಕಿದಳು. ನನ್ನ ಜೀವ ಮರಳಿ ಬಂತು. ಸೂಜಿಗೆ ದಾರ ಪೋಣಿಸಿ, ಗುಂಡು ಕೊಡಿ ಅವ್ವ ಎಂದು ಕೈ ಚಾಚಿದೆ.

"ತಡಿ," ಅಂದರು ಅತ್ತೆ. ಸೊಟ್ಟಗಾಗದ ಇನ್ನೊಂದು ಗುಂಡನ್ನು ದವಡೆಗೆ ಇಟ್ಟುಕೊಂಡು, ಕಣ್ಣು ಮುಚ್ಚಿ, ಕಟುಮ್ಮೆಂದು ಕಚ್ಚಿದರು. ಆಚಾರಿ ಹಾ ಹಾ ಎಂದು ಎದ್ದು ನಿಂತರು. ಅತ್ತೆ ಗುಂಡು ಹೊರತೆಗೆದು, ಸೆರಗಿನಿಂದ ಒರೆಸಿ, ಗುರುತು ನೋಡಿ ತೃಪ್ತಿಪಟ್ಟು ನನ್ನ ಕೈಗಿಟ್ಟರು.

"ಇದ್ರಲ್ಲಿ ನಂದಿರ್ಲಿ. ನಾಳೆ ಇವಳ ಸೊಸೆ ಎಲ್ಲಾರ ಬೀಳಿಸ್ಕೊಂಡ್ರೆ ಗುರ್ತು ಬೇಕಲ್ಲ."

ಸೊಸೆ ಬಗ್ಗಿ ಎರಡು ಗುಂಡನ್ನೂ ನೋಡಿದಳು. ಆಮೇಲೆ ಮೆತ್ತಗೆ, "ಹಂಗಾದ್ರೆ ನಂದು ಅತ್ತೆ?" ಅಂದಳು.

"ಇರೋವೇ ಎರಡು ಗುಂಡು ಕಣವ್ವ, ಎರಡೂ ಮುಗುದೋದೊ," ಅಂದರು ಅತ್ತೆ. "ನಿಂಗೂ ಹಲ್ಲೂರ್ಬೇಕು ಅಂದ್ರೆ ಗಂಡಂಗೆ ಯೋಳಿ ಇನ್ನೊಂದು ಮಾಡಿಸ್ಕೊ."