ಕೋಳಿಗೆ ಕಾಲುಚೀಲ ಹೊಲಿದ ಅತ್ತೆ

ನಮ್ಮ ಸೋದರತ್ತೆಗೆ ಹುಚ್ಚು ಎಂದು ಓಣಿಯವರೆಲ್ಲ ಹೇಳುತ್ತಿದ್ದರು. ನಾನು ಒಪ್ಪುವುದಿಲ್ಲ. ಹುಚ್ಚರಿಗೆ ಅಷ್ಟೊಂದು ಹಟ ಎಲ್ಲಿಂದ ಬರಬೇಕು!

ಹಾನಗಲ್ಲಿನಲ್ಲಿ ನಮ್ಮದು ತತ್ತಿಯ ಹೆಸರೆತ್ತಿದರೂ ಬಾಯಿ ಮುಕ್ಕಳಿಸುವ ಲಿಂಗವಂತರ ಮನೆ. ಅಂಥ ಮನೆಯ ಹಿತ್ತಲಲ್ಲಿ ಊರಿಗಾಗಿ ಮಿಗುವಷ್ಟು ಕೋಳಿಗಳಿದ್ದವು ಎಂದರೆ ನಂಬುತ್ತೀರಾ? ಅತ್ತೆ ಅಪ್ಪನ ಅಕ್ಕ. ಗಂಡ ತೀರಿದ ಮೇಲೆ ಹತ್ತಿಮತ್ತೂರಿನಿಂದ ತವರಿಗೆ ಬಂದವಳು. ಒಂದು ಸಂತೆಯ ದಿನ ದಾರಿಯಲ್ಲಿ ಹೋಗುತ್ತಿದ್ದ ಚಕ್ಕಡಿಯಿಂದ ಕುಂಟು ಕೋಳಿಯೊಂದು ಜಿಗಿದು ನಮ್ಮ ಹಿತ್ತಲು ಹೊಕ್ಕಿತು. ಕೇಳಿಕೊಂಡು ಯಾರೂ ಬರಲಿಲ್ಲ. ಅತ್ತೆ ಅದರ ಕಾಲಿಗೆ ಅರಿಸಿನ ಹಚ್ಚಿದಳು. ಕಾಲು ನೆಟ್ಟಗಾದ ಮೇಲೆ ಅದು ಋಣ ತೀರಿಸುವಂತೆ ತತ್ತಿ ಇಡತೊಡಗಿತು.

ಈಗ ಬಂತು ನೋಡಿ ಪೇಚು! ತಿನ್ನುವ ಹಾಗಿಲ್ಲ. ಮಾರಿದರೆ ಪಾಪ. ಪುಕ್ಕಟೆ ಕೊಟ್ಟರೆ, ತಿಂದವರ ಪಾಪದಲ್ಲಿ ಅರ್ಧ ಪಾಲು ನಮಗೆ. ಅತ್ತೆ ಉಳಿದ ಒಂದೇ ದಾರಿ ಹಿಡಿದಳು: ಎಲ್ಲ ತತ್ತಿಗಳನ್ನೂ ಮರಿ ಮಾಡಿಸಿದಳು! ಹಿಂದಿನ ಓಣಿಯ ಹುಂಜವೊಂದು ದಿನಾ ಗೋಡೆ ಹಾರಿ ಬಂದು ಮನೆಯ ಅಳಿಯನಂತೆ ಓಡಾಡಿಕೊಂಡಿತ್ತು. ನಾನು ದಿನಚರಿ ಬರೆಯುವವನು. ಮಳೆ ಬಂದದ್ದು, ಬೆಲ್ಲದ ದರ, ತಂಗಿಯ ಹಲ್ಲು ಬಿದ್ದದ್ದು, ಎಲ್ಲದಕ್ಕೂ ತಾರೀಖು ಹಾಕುತ್ತಿದ್ದೆ. ಕೋಳಿಗಳ ಲೆಕ್ಕವನ್ನು ಮಾತ್ರ ಎರಡನೆಯ ಮಳೆಗಾಲಕ್ಕೆ ಕೈಬಿಟ್ಟೆ. ಎಣಿಸುತ್ತಿದ್ದಂತೆಯೇ ಹೆಚ್ಚಾಗುವ ವಸ್ತುವನ್ನು ಯಾರು ಎಣಿಸುತ್ತಾರೆ?

ಹಿತ್ತಲಲ್ಲಿ ಅವ್ವನ ಕಾಯಿಪಲ್ಲೆಯ ತೋಟವೂ ಇತ್ತು. ಒಂದು ಮುಂಜಾನೆ ಅವ್ವ ಹಿತ್ತಲಿಂದಲೇ ಕೂಗಿದಳು: "ಯಕ್ಕಾರ, ನಿಮ್ಮ ಕೋಳಿ ನನ್ನ ಮೆಂತೆ ಮಡಿ ಪೂರಾ ಕೆದರ್ಯಾವ್ರಿ!"

"ಕೋಳಿ ಕೆದರೂದಿಲ್ಲವಾ ತಂಗಿ," ಎಂದಳು ಅತ್ತೆ ಶಾಂತವಾಗಿ. "ಅವುಗಳ ಉಗರು ಕೆದರ್ತಾವ."

ಹಾಗಾದರೆ ಉಗುರಿಗೆ ಮದ್ದು ಮಾಡಬೇಕಲ್ಲ? ಕೋಳಿಗಳಿಗೆ ಕಾಲುಚೀಲ ಹೊಲಿಯಲು ಕುಳಿತಳು! ಆಗ ಲಡಾಯಿಯ ಕಾಲ, ಅಂಗಡಿಯಲ್ಲಿ ಗೇಣು ಅರಿವೆ ಸಿಗುತ್ತಿರಲಿಲ್ಲ. ಮರುದಿನ ನೋಡುತ್ತೇನೆ, ನಾನು ಸಾಲೆಗೆ ಹಾಕಿಕೊಳ್ಳುವ ಕರಿ ಟೊಪ್ಪಿಗೆ ಗೂಟದಲ್ಲಿಲ್ಲ. ಹಿತ್ತಲಲ್ಲಿ ಎರಡು ಕೋಳಿಗಳು ಕರಿ ಕಾಲುಚೀಲ ತೊಟ್ಟು, ತಪಾಸಣೆಗೆ ಬಂದ ಮಾಮಲೇದಾರರಂತೆ ಹೆಜ್ಜೆ ಎತ್ತೆತ್ತಿ ಇಡುತ್ತಿವೆ.

"ಟೊಪಿಗಿ ಎಲ್ಲೋ?" ಎಂದರು ಸಾಲೆಯಲ್ಲಿ ಮಾಸ್ತರರು.

"ಕೋಳಿ ಹಾಕ್ಕೊಂಡಾವ್ರಿ."

ನಿಜ ಹೇಳಿದ್ದಕ್ಕೆ ಅಷ್ಟು ಛಡಿಯೇಟು ತಿಂದವನು ಇಡೀ ಸಾಲೆಯಲ್ಲಿ ನಾನೊಬ್ಬನೇ ಇದ್ದೇನು!

ಹೀಗಿರುವಾಗ ಬರುವ ಸೋಮವಾರ ಮಠದ ಸ್ವಾಮಿಗಳ ಪಾದಪೂಜೆ ನಮ್ಮ ಮನೆಯಲ್ಲೆಂದು ಗೊತ್ತಾಯಿತು. ಎಷ್ಟೋ ವರ್ಷ ಕಾದು ಅಪ್ಪ ಪಡೆದ ಮಾನ ಅದು. ಅವನು ಹಿತ್ತಲ ಬಾಗಿಲಲ್ಲಿ ನಿಂತು ಕೋಳಿಗಳನ್ನು ನೋಡಿದ, ಬೆವರಿದ.

"ಅಕ್ಕಾ, ಸೋಮವಾರದೊಳಗ ಇವು ಹೋಗಬೇಕು. ಸಂತಿಗೆ ಕಳಸ್ತೇನಿ."

"ಸಂತಿಗೆ ಹೋದ ಕೋಳಿ ಮುಂದ ಎಲ್ಲಿಗೆ ಹೋಗ್ತಾವ, ನಿನಗ ಗೊತ್ತಿಲ್ಲೇನೋ?"

"ಮತ್ತೇನ ಮಾಡಂತಿ? ಈ ಮನಿ ಬಿಟ್ಟು ಕೋಳಿಯರ ಹೋಗಬೇಕು, ಇಲ್ಲಾ ನೀನರ ಹೋಗಬೇಕು!"

ಬಾಯಿತಪ್ಪಿ ಬಂದ ಮಾತು. ಆದರೆ ಬಂದುಬಿಟ್ಟಿತು. ಅತ್ತೆ ಅಂದಿನಿಂದ ತಮ್ಮನೊಡನೆ ಮಾತು ಬಿಟ್ಟಳು.

ರವಿವಾರ ಬೆಳಿಗ್ಗೆ ಹಿತ್ತಲ ಬಾಗಿಲಿಗೆ ಬಾಡಿಗೆಯ ಚಕ್ಕಡಿ ಬಂದು ನಿಂತಿತು. ಅತ್ತೆಯ ಸಾಮಾನು ಒಂದೇ ಗಂಟು. ಉಳಿದದ್ದೆಲ್ಲ ಕೋಳಿ ತುಂಬಿದ ಬುಟ್ಟಿಗಳು. ಹತ್ತಿಮತ್ತೂರಿಗಂತೆ. ಅಲ್ಲಿ ಮೈದುನರು ಅವಳನ್ನು "ಬಾ" ಎಂದು ಕರೆದು ಎಷ್ಟು ಕಾಲವಾಗಿತ್ತೋ!

ತಂಗಿ ಅವಳ ಸೆರಗು ಹಿಡಿದು ಜೋತುಬಿದ್ದಳು. "ಅತ್ತಿ, ನನ್ನ ಹೆರಳ ಯಾರ ಹಾಕ್ತಾರ?"

"ನಿಮ್ಮವ್ವ ಹಾಕ್ತಾಳವಾ."

"ಅವ್ವ ಜಗ್ಗತಾಳ!"

ಅಷ್ಟರಲ್ಲಿ ಅವ್ವ ಸರಸರ ಬಂದು ಒಂದು ಬುಟ್ಟಿಗೆ ಕೈಹಾಕಿ ದಪ್ಪನೆಯ ಕೋಳಿಯೊಂದನ್ನು ಎತ್ತಿಕೊಂಡಳು. ಜನ್ಮದಲ್ಲಿ ಮೊದಲ ಸಲ ಕೋಳಿ ಮುಟ್ಟಿದ ಅವ್ವ! "ಇದು ನಂದ್ರಿ ಯಕ್ಕಾರ. ನನ್ನ ಬದನಿಗಿಡಾ ತಿಂದು ಬೆಳದೈತಿ, ಇದನ್ನ ಒಯ್ಯಾಕ ಬಿಡೂದಿಲ್ಲ," ಎಂದಳು.

ಆಗ ಅಪ್ಪ ಹೊರಗೆ ಬಂದ. ಅವನು ಮೊಲೆಹಾಲು ಬಿಡುವ ಮೊದಲೇ ಅಜ್ಜಿ ತೀರಿಹೋಗಿದ್ದಳಂತೆ. ತಾನೇ ಇನ್ನೂ ಲಂಗದ ಹುಡುಗಿಯಾಗಿದ್ದ ಅತ್ತೆ ಅವನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದವಳು. ಅವನು ಯಾರ ಮುಖವನ್ನೂ ನೋಡದೆ ಚಕ್ಕಡಿಯಿಂದ ಗಂಟು ಇಳಿಸಿದ.

"ಸ್ವಾಮಿಗೋಳಿಗೆ ಹೇಳಿ ಕಳಿಸೇನಿ. ಪಾದಪೂಜಿ ಬ್ಯಾರೆಯವರ ಮನ್ಯಾಗ ಆಗ್ತೈತಿ. ಬಿಸಲ ಏರಾಕತ್ತೈತಿ ಅಕ್ಕಾ. ಕೋಳಿ ಬಿಡು, ಉಸರಗಟ್ಟತಾವ."

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ತಮ್ಮನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿನ್ನೆಯಿಂದ ಏನೂ ಉಂಡಿಲ್ಲಲ್ಲೋ ನೀ," ಎಂದಳು. "ನಡಿ ಒಳಗ, ರೊಟ್ಟಿ ಬಡೀತೇನಿ."