ಹೆಂಡತಿಯ ಬ್ಲಾಗು ಡೇರಿ ಸೆಕ್ರೆಟರಿಯ ಕೈಗೆ ಸಿಕ್ಕಿದ್ದು

ಸತ್ತವರ ಮನೆಯಲ್ಲಿ ನಗಬಾರದು ಅನ್ನುತ್ತಾರೆ. ನಮ್ಮ ಮನೆಯಲ್ಲಿ ಆ ಕಟ್ಟುಪಾಡು ತಿಥಿಯವರೆಗೂ ನಿಲ್ಲಲಿಲ್ಲ. ಅಳುತ್ತಾ ಕೂತವನ ಎದುರಿಗೇ ಏನಾದರೊಂದು ಆಗಿಬಿಡುತ್ತದೆ. ನಕ್ಕ ಮೇಲೆ, ಅಯ್ಯೋ ಇದನ್ನು ಅವಳಿಗೆ ಹೇಳಬೇಕಿತ್ತಲ್ಲ ಅನ್ನಿಸಿ ಮತ್ತೆ ಅಳು ಬರುತ್ತದೆ.

ನಾನು ಸಾತನೂರಿನ ಹತ್ತಿರದ ಹಳ್ಳಿಯೊಂದರ ಹಾಲಿನ ಡೇರಿ ಸೆಕ್ರೆಟರಿ. ಬೆಳಿಗ್ಗೆ ಸಂಜೆ ಹಾಲು ಅಳೆಸಿಕೊಳ್ಳುವುದು, ಹಾಲು ತಂದವರಿಂದ ಬೈಸಿಕೊಳ್ಳುವುದು, ಎರಡೂ ನನ್ನ ಕೆಲಸ. ಡೇರಿಗೆ ಕಂಪ್ಯೂಟರ್ ಬಂದಾಗ ನಾನು ಅದನ್ನು ಮುಟ್ಟಲೇ ಇಲ್ಲ. ಡಿಗ್ರಿ ಓದಿದ್ದ ಹೆಂಡತಿಯೇ ಬಂದು ಅದರ ಮುಂದೆ ಕೂತಳು. ಡೇರಿ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಇಂಟರ್ನೆಟ್ಟಿನ ಸಂದಿಗೊಂದಿಯೆಲ್ಲ ಹುಡುಕುವಳು. ವಿಚಿತ್ರ ಕಂಡದ್ದು, ಮನಸ್ಸಿಗೆ ತಾಕಿದ್ದು ಎಲ್ಲವನ್ನೂ ‘ಸಿಕ್ಕಿದ್ದು’ ಅನ್ನುವ ತನ್ನ ಬ್ಲಾಗಿಗೆ ಹಾಕಿ, ಕೆಳಗೆ ಎರಡು ಸಾಲು ಬರೆಯುವಳು. ಓದುಗರು ಬರೆದದ್ದು ಅವಳ ಫೋನಿಗೂ ಬರುವುದು, ಉಣ್ಣುವಾಗಲೂ ಅದನ್ನು ಕೆಳಗಿಡಳು. ಓದುವವರೆಲ್ಲ ನಾವು ಮುಖ ನೋಡದ ಜನ. ಕನಕಪುರದವರಿದ್ದರು, ಚನ್ನಪಟ್ಟಣದವರಿದ್ದರು, ದೂರದ ಊರಿನವರೂ ಇದ್ದರು. ನಮಗೆ ಮಕ್ಕಳಿಲ್ಲ. ಮನೆಯಲ್ಲಿ ನಾನು, ಅವಳು, ಅವಳ ತಾಯಿ. ಅತ್ತೆ ನನಗೆ ಸೋದರತ್ತೆಯೂ ಹೌದು, ಹಾಗಾಗಿ ಬೈಯುವ ಹಕ್ಕು ಆಕೆಗೆ ಎರಡು ಕಡೆಯಿಂದ ಬಂದಿದೆ.

ಈ ವರ್ಷ ಯುಗಾದಿ ಕಳೆದ ಮೇಲೆ ಒಂದು ಮಧ್ಯಾಹ್ನ ತಲೆನೋವು ಅಂತ ಮಲಗಿದವಳು ಏಳಲಿಲ್ಲ. ತಲೆಯೊಳಗೆ ರಕ್ತನಾಳ ಒಡೆದಿತ್ತಂತೆ.

ತಿಥಿ ಮುಗಿಸಿ ಡೇರಿಯ ಕಂಪ್ಯೂಟರ್ ತೆರೆದರೆ ಅವಳ ಬ್ಲಾಗು ತೆರೆದೇ ಇತ್ತು. ‘ಯಾಕೆ ಮೇಡಂ, ಏನೂ ಹಾಕಿಲ್ಲ?’ ಅಂತ ಓದುಗರು ಕೇಳಿದ್ದರು. ತೀರಿಕೊಂಡಳು ಅಂತ ಒಂದು ಸಾಲು ಬರೆದಿದ್ದರೆ ಮುಗಿದು ಹೋಗುತ್ತಿತ್ತು. ಆ ಒಂದು ಸಾಲು ನನ್ನ ಕೈಯಲ್ಲಿ ಆಗಲಿಲ್ಲ. ಊರಿಗೆಲ್ಲ ಅವಳು ಸತ್ತಿದ್ದಳು. ಅದೊಂದು ಕಡೆಯಾದರೂ ಬದುಕಿರಲಿ ಅನ್ನಿಸಿತು. ಅವಳ ಹೆಸರಿನಲ್ಲೇ ನಾನು ಬ್ಲಾಗು ನಡೆಸತೊಡಗಿದೆ.

ಒಂಟಿ ಕಾಲುಚೀಲ

ಅವಳು ಅರ್ಧ ಬರೆದಿಟ್ಟಿದ್ದ ಸಂಗತಿಯೊಂದಿತ್ತು. ಯಾವುದೋ ಚಳಿ ದೇಶದಲ್ಲಿ ಒಂಟಿ ಕಾಲುಚೀಲದವರಿಗೆ ಅಂತಲೇ ಯಾರೋ ವೆಬ್‌ಸೈಟ್ ಮಾಡಿದ್ದಾರಂತೆ. ಜೊತೆ ಕಳೆದುಕೊಂಡವರು ಉಳಿದ ಒಂದರ ಫೋಟೊ ಹಾಕುವುದು, ಅಂಥದ್ದೇ ಇನ್ನೊಂದು ಯಾರ ಹತ್ತಿರವಾದರೂ ಇದ್ದರೆ ಕಳಿಸುವುದು. ಅದನ್ನೇ ಮೊದಲು ಹಾಕೋಣ ಅಂತ ಒಂದೇ ಬೆರಳಿನಲ್ಲಿ ಕುಟ್ಟಿದೆ. ಅದೇ ಹೊತ್ತಿಗೆ ಡೇರಿ ಗೋಡೆಗೆ ಅಂಟಿಸಲು ಒಂದು ಸೂಚನೆಯನ್ನೂ ಬರೆಯುತ್ತಿದ್ದೆ. ಯಾವುದು ಯಾವ ಕಿಟಕಿಯಲ್ಲಿದೆ ಅನ್ನುವುದು ನನಗೆ ತಿಳಿದಿದ್ದರೆ ತಾನೆ? ಬ್ಲಾಗಿಗೆ ಹೋದದ್ದು ಡೇರಿಯ ಸೂಚನೆ: ‘ನೀರು ಬೆರೆಸಿದ ಹಾಲು ತಂದವರು ಮುಖ ನೋಡದೆ ಹಿಂದಕ್ಕೆ ಕಳಿಸಲ್ಪಡುವರು.’

ಓದುಗರು ಮುಗಿಬಿದ್ದರು. ‘ಎಂಥ ಮಾರ್ಮಿಕ ಮಾತು ಮೇಡಂ!’ ಅಂತ ಒಬ್ಬರು. ‘ಹಾಲು ಅಂದರೆ ಇಲ್ಲಿ ಪ್ರೀತಿ ತಾನೆ?’ ಅಂತ ಇನ್ನೊಬ್ಬರು. ಮತ್ತೊಬ್ಬ ಹೆಣ್ಣುಮಗಳು ಅದನ್ನು ಓದಿ ಅತ್ತುಬಿಟ್ಟೆ ಅಂತ ಬರೆದಿದ್ದಳು. ಇಷ್ಟು ವರ್ಷ ಅದೇ ಸೂಚನೆಯನ್ನು ಗೋಡೆಗೆ ಅಂಟಿಸಿದ್ದೇನೆ, ನಮ್ಮೂರಲ್ಲಿ ಒಬ್ಬನೂ ಅತ್ತಿರಲಿಲ್ಲ.

ಪ್ರಿಂಟಾದ ಹಾಳೆಯನ್ನು ಓದದೇ ಅಂಟಿಸಿದ್ದೆ, ಗೋಡೆಗೆ ಏನು ಹೋಯಿತು ಅಂತ ನನಗೆ ಗೊತ್ತಾದದ್ದು ಮಾರನೆಯ ಬೆಳಿಗ್ಗೆ. ಹಾಲು ಹಾಕುವ ಗೌಡರೊಬ್ಬರು ಕ್ಯಾನು ಕೆಳಗಿಟ್ಟು, ಜೇಬಿನಿಂದ ಮೊಮ್ಮಗನ ಸ್ಕೂಲಿನ ಒಂಟಿ ಕಾಲುಚೀಲ ತೆಗೆದು ಮೇಜಿನ ಮೇಲೆ ಹರಡಿದರು.

“ಇದ್ಯಾಕಣ್ಣ?” ಅಂದೆ.

“ಗ್ವಾಡೆ ಮ್ಯಾಲೆ ಹಾಕಿದ್ದೀಯಲ್ಲಪ್ಪ. ಒಂದ್ ಕಳ್ದೋದೋರಿಗೆ ಇನ್ನೊಂದ್ ಕೊಡ್ತಾರಂತಲ್ಲ ಸೊಸೈಟಿಯಿಂದ?”

“ಹಂಗಲ್ಲ ಕಣಣ್ಣ, ಅದು...”

“ಏನ್ ಹಂಗಲ್ಲ? ಆಧಾರ್ ಕಾರ್ಡೂ ಜೆರಾಕ್ಸ್ ಮಾಡ್ಸ್ಕಂಡ್ ಬಂದಿವ್ನಿ!”

ಕೂಗುವ ಹಕ್ಕಿ

ಅವಳ ಹಳೆಯ ಪುಟಗಳಲ್ಲಿ ಒಂದು ಹಕ್ಕಿಯ ಕೂಗು ಇತ್ತು. ಎಲ್ಲೋ ಸಮುದ್ರದ ನಡುವಿನ ದ್ವೀಪದಲ್ಲಿ ಆ ಜಾತಿಯ ಹಕ್ಕಿಗಳೆಲ್ಲ ಅಳಿದು ಒಂದೇ ಒಂದು ಉಳಿದಿತ್ತಂತೆ. ಅದು ಜೊತೆಯನ್ನು ಕರೆಯುವ ದನಿಯನ್ನು ಯಾರೋ ಹಿಡಿದಿಟ್ಟಿದ್ದರು. ಒಂದು ಸಂಜೆ ಅದನ್ನು ಕೇಳಬೇಕು ಅನ್ನಿಸಿ ಒತ್ತಿದೆ. ಡೇರಿಯ ಸ್ಪೀಕರು ಯಾರ ಹಾಲು ಎಷ್ಟು ಡಿಗ್ರಿ, ಎಷ್ಟು ಫ್ಯಾಟು ಅಂತ ಕೂಗಿ ಹೇಳಲು ಇಟ್ಟದ್ದು. ಸಾಲಿನಲ್ಲಿ ನಿಂತವರಿಗೆಲ್ಲ ಹಕ್ಕಿ ಕೇಳಿಸಿತು.

ಚೊಂಬು ಹಿಡಿದು ನಿಂತಿದ್ದ ಅಜ್ಜಿಯೊಬ್ಬಳು ಕಿಟಕಿಗೆ ಬಂದಳು. “ಯಾಕ್ ಸೆಕ್ರೆಟ್ರಪ್ಪ, ಅದು ಒಂದೇ ಸಮ ಕೂಗ್ತಾ ಐತೆ?”

“ಅದರ ಜೊತೆ ಹಕ್ಕಿ ಇಲ್ಲ ಕಣಜ್ಜಿ. ಸತ್ತೋಗೈತೆ. ಇದಕ್ಕೆ ಗೊತ್ತಿಲ್ಲ, ಕರೀತಾ ಐತೆ.”

ಅಜ್ಜಿಯ ಮುಖ ಚಿಕ್ಕದಾಯಿತು. ನನ್ನ ಮುಖವನ್ನೂ ಒಮ್ಮೆ ನೋಡಿದಳು.  ಯಾವಾಗಲೂ ಅಳತೆ ಕಮ್ಮಿ ಅಂತ ಜಗಳಕ್ಕೆ ಬರುವವನು ಆ ಹೊತ್ತು ತೆಪ್ಪಗೆ ಹಾಲು ಸುರಿದು ಹೋದ. 

“ಯಾರಾದ್ರೂ ಓಗಿ ಅದ್ಕೆ ಒಂದ್ ಮಾತು ಯೋಳ್ಬಾರ್ದಾ?” ಅಂದಳು ಅಜ್ಜಿ. “ಇಲ್ಲ ಕಣವ್ವ, ಓಗ್ಬುಟ್ಟೈತೆ, ಇನ್ ಕೂಗ್ಬ್ಯಾಡ ಅಂತ.”

“ಬಲು ದೂರ ಅಜ್ಜಿ ಅದು.”

ಅಜ್ಜಿ ಚೊಂಬನ್ನು ಈ ಕೈಯಿಂದ ಆ ಕೈಗೆ ಬದಲಿಸಿ ಕೇಳಿದಳು: “ಕನಕಪುರದಿಂದ ಬಸ್ ಐತಾ?”

ವಿಚಿತ್ರ ಪ್ರಾಣಿ

ಏನು ಬರೆಯಬೇಕು ಅಂತ ಹೊಳೆಯದ ದಿನ ಅವಳ ಹಳೆಯ ಪುಟಗಳನ್ನು ಓದುತ್ತಾ ಕೂರುತ್ತಿದ್ದೆ. ಅವಳು ಇದ್ದಾಗ ಒಂದು ದಿನವೂ ಓದಿರಲಿಲ್ಲ. ಒಂದು ಕಡೆ ‘ವಿಚಿತ್ರ ಪ್ರಾಣಿ’ ಅಂತ ಇತ್ತು. ‘ಇದು ಇಂಟರ್ನೆಟ್ಟಿನಲ್ಲಿ ಸಿಕ್ಕಿದ್ದಲ್ಲ. ನಸುಕಿಗೆ ಏಳುತ್ತದೆ. ಯಾರು ಏನು ಬೈದರೂ ಎಮ್ಮೆಯ ಹಾಗೆ ನಿಂತಿರುತ್ತದೆ. ಹಾಲಿಗೆ ನೀರು ಬೆರೆತಿದೆಯಾ ಅಂತ ನೋಡುವ ಕೊಳವೆಯನ್ನು ಮನೆಗೂ ತಂದು ಹೆಂಡತಿ ಕೊಟ್ಟ ಕಾಫಿಗೆ ಅದ್ದುತ್ತದೆ.’

ಒಂದು ಸಲ ಅದ್ದಿದ್ದು ನಿಜ. ಕಾಫಿ ನೀರಾಗಿತ್ತು ಅನ್ನುವುದೂ ನಿಜ.

ಕೆಳಗೆ ಓದುಗರೊಬ್ಬರು ಕೇಳಿದ್ದರು: ‘ಈ ಪ್ರಾಣಿ ಎಲ್ಲಿ ಸಿಗುತ್ತದೆ ಮೇಡಂ?’ ಅವಳು ಉತ್ತರ ಕೊಟ್ಟಿದ್ದಳು: ‘ಇರೋದು ಒಂದೇ. ಕೊಡೋದಿಲ್ಲ.’

ಅದನ್ನು ಓದುವಾಗ ಹಾಲಿನ ಲಾರಿ ಬಂತು. ಡ್ರೈವರ್ ನನ್ನ ಕಣ್ಣು ನೋಡಿ ಗಾಬರಿಯಾಗಿ, “ಯಾಕಣ್ಣ, ಇವತ್ತೂ ಹಾಲು ಒಡೆದೋಯ್ತಾ?” ಅಂದ.

ಗಂಡನನ್ನು ಹುಡುಕಿಕೊಂಡು ಬಂದವರು

ಶ್ರಾವಣ ಕಳೆದ ಮೇಲೆ ಒಂದು ಬೆಳಿಗ್ಗೆ, ಹಾಲು ಹಾಕುವವರೆಲ್ಲ ಹೋದ ಹೊತ್ತಿಗೆ, ವಯಸ್ಸಾದವರೊಬ್ಬರು ಡೇರಿಗೆ ಬಂದರು. ಬಿಳಿ ಅಂಗಿ, ಕಂಕುಳಲ್ಲಿ ಚರ್ಮದ ಚೀಲ. ಮಾಗಡಿ ಕಡೆ ಗುಡೇಮಾರನಹಳ್ಳಿಯವರಂತೆ, ಬಸ್ ಕಂಡಕ್ಟರ್ ಆಗಿ ನಿವೃತ್ತರಾದವರಂತೆ. ಅವಳು ಹಿಂದೆ ಬ್ಲಾಗಿಗೆ ಹಾಕಿದ್ದ ನಮ್ಮ ಡೇರಿಯ ಫೋಟೊ ನೋಡಿದ್ದರು. ಗೋಡೆಯ ಮೇಲಿದ್ದ ಊರ ಹೆಸರು ಹಿಡಿದು ಎರಡು ಬಸ್ಸು ಬದಲಾಯಿಸಿ ಬಂದಿದ್ದರು.

“ಬ್ಲಾಗ್ ಬರೆಯೋ ಮೇಡಮ್ಮೋರು ಇಲ್ಲೇ ಅಲ್ವಾ?” ಅಂದರು.

ನಾನು ಲೆಕ್ಕದ ಪುಸ್ತಕ ಮುಚ್ಚಿದೆ. “ಏನಾಗ್ಬೇಕಿತ್ತು ಸರ್?”

“ಆಯಮ್ಮನ ಗಂಡನ್ನ ನೋಡ್ಬೇಕಿತ್ತು.”

“ಗಂಡನ್ನಾ? ಯಾಕೆ?”

ಅವರು ಕುರ್ಚಿ ಎಳೆದುಕೊಂಡು ಕೂತರು. “ನೋಡಿ ಇವ್ರೆ. ನನ್ ಮನೇವ್ಳು ಓಗಿ ನಾಕ್ ವರ್ಸ ಆಯ್ತು. ಆಯಮ್ಮ ಬರೆಯೋದ್ ಓದ್ಕಂಡೇ ನಾನು ಒಸಿ ನಗೋದು. ಈ ಯುಗಾದಿ ಆದ್ಮೇಲೆ ಬರವಣಿಗೆ ಪೂರಾ ಕೆಟ್ಟೋಗೈತೆ. ಬರೀ ಹಾಲು, ನೀರು, ಸಂಕಟ. ಇದು ಗಂಡನ್ದೇ ಕೆಲ್ಸ, ಏನೋ ಹಿಂಸೆ ಕೊಡ್ತಾವ್ನೆ ಅಂತ ನಂಗೆ ಗ್ಯಾರಂಟಿ ಆಯ್ತು. ಅದ್ಕೇ ಬಂದೆ, ಅವನ್ಗೆ ಎಲ್ಡು ಮಾತು ಬೈದು ಓಗಾನ ಅಂತ.”

ಸುಳ್ಳು ಹೇಳೋಣ ಅಂದುಕೊಂಡೆ. ಗಂಡ ಊರಲ್ಲಿಲ್ಲ, ಮೇಡಂ ತವರಿಗೆ ಹೋಗಿದ್ದಾರೆ, ಏನಾದರೂ. ಎರಡು ಬಸ್ಸು ಬದಲಾಯಿಸಿ ಅವಳಿಗೋಸ್ಕರ ಜಗಳಕ್ಕೆ ಬಂದ ಮನುಷ್ಯನಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ.

“ಆ ಗಂಡ ನಾನೇ ಸರ್,” ಅಂದೆ. “ಅವಳಿಲ್ಲ. ಯುಗಾದಿ ಆದ್ಮೇಲೆ ತೀರ್ಕೊಂಡ್ಳು.”

ಅವರು ಚೀಲವನ್ನು ಕೆಳಗಿಟ್ಟರು. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಬಹಳ ಹೊತ್ತು ಒರೆಸಿದರು. ನಾನು ಒಂದು ಲೋಟ ನೀರು ಕೊಟ್ಟೆ. ಕುಡಿದರು. 

ಲೋಟ ವಾಪಸು ಕೊಡುತ್ತಾ ಕೇಳಿದರು: “ಹಂಗಾರೆ ಇಷ್ಟ್ ದಿವ್ಸ ಬರೀತಿದ್ದೋರು?”

“ನಾನೇ.”

“ಅಂಗನ್ನಿ!” ಅಂದರು. “ಅದ್ಕೇ ಅಷ್ಟು ಕೆಟ್ಟದಾಗೈತೆ.”

ಇಬ್ಬರೂ ನಕ್ಕೆವು. ಸಾತನೂರಿನ ಬಸ್ಸಿಗೆ ಹತ್ತಿಸಲು ಹೋದಾಗ ಅವರು ನನ್ನ ಕೈ ಹಿಡಿದುಕೊಂಡರು. “ಎಲ್ರಿಗೂ ಯೋಳ್ಬುಡಿ ಸ್ವಾಮಿ. ಆಯಮ್ಮಂಗೆ ಒಳ್ಳೇದಾಗ್ಲಿ, ಗಂಡನ ಕಾಟ ತಪ್ಪಲಿ ಅಂತ ನಾನು ದಿನಾ ದೇವ್ರಿಗೆ ಕೈ ಮುಗೀತಿದ್ದೆ. ನನ್ನಂಗೆ ಇನ್ನೆಷ್ಟು ಜನ ಮುಗೀತಾವ್ರೋ!”

ಎಡೆಗೆ ಇಟ್ಟ ಫೋನು

ಪಿತೃಪಕ್ಷ, ಅಂದರೆ ನಮ್ಮೂರ ಬಾಯಲ್ಲಿ ಮಾರ್ಲಮಿ, ಬಂತು. ನಮ್ಮ ಕಡೆ ಹಿರಿಯರಿಗೆ ಎಡೆ ಇಡುವಾಗ ಸತ್ತವರು ಏನೇನು ಆಸೆಪಡುತ್ತಿದ್ದರೋ ಎಲ್ಲವನ್ನೂ ಇಡಬೇಕು. ನಮ್ಮ ಮಾವನಿಗೆ ಬೀಡಿ ಕಟ್ಟು, ಬೆಂಕಿಪೊಟ್ಟಣ ಇಡುತ್ತೇವೆ. ಇದು ಅವಳಿಗೆ ಮೊದಲ ಎಡೆ. ಕಜ್ಜಾಯ, ನಾಟಿ ಕೋಳಿ ಸಾರು, ಮುದ್ದೆ, ಹೊಸ ಸೀರೆ, ಎಲ್ಲ ಆಯಿತು. ಅತ್ತೆಗೆ ಸಮಾಧಾನವಿಲ್ಲ.

“ನಮ್ ಅಮ್ಮಣ್ಣಿ ಜೀವ ಎಲ್ಲಾ ಇದ್ದಿದ್ದು ಆ ಫೋನಿನಾಗೆ. ಅದ ಮಡಗ್ದೆ ಇನ್ನೇನ್ ಮಡಗೀಯಪ್ಪ?” ಅಂದರು. “ಖಾಲಿ ಫೋನ್ ಮಡಗಿದ್ರೆ ಏನ್ ಬಂತು? ಕರೆನ್ಸಿ ಹಾಕ್ಸು.”

ಅವಳ ನಂಬರು ಬೇರೆಯವರ ಪಾಲಾಗದಿರಲಿ ಅಂತ ನಾನು ಬರೀ ಕರೆಯ ಪ್ಯಾಕು ಹಾಕಿಸಿ ಉಳಿಸಿಕೊಂಡಿದ್ದೆ. ನೆಟ್ಟು ಹಾಕಿಸಿರಲಿಲ್ಲ. ಹಬ್ಬದ ಹಿಂದಿನ ದಿನ ಹೂವು ಹಣ್ಣು ತರಲು ಸಾತನೂರಿಗೆ ಹೋದಾಗ ಮೊಬೈಲ್ ಅಂಗಡಿಗೂ ಹೋದೆವು. ಅಂಗಡಿಯವನಿಗೆ ಅವಳ ಪರಿಚಯವಿತ್ತು. ನಂಬರು ಕೇಳಿ ನನ್ನ ಮುಖ ನೋಡಿದ. ಆಮೇಲೆ ಮೆಲ್ಲಗೆ, “ಎಷ್ಟು ದಿನದ್ದು ಹಾಕ್ಲಣ್ಣ? ಒಂದು ತಿಂಗಳದ್ದು ಸಾಕಾ?” ಅಂದ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಮುಂದೆ ಬಂದರು.

“ಒಂದೊರ್ಸದ್ದೇ ಹಾಕ್ಬುಡಪ್ಪ. ಮುಂದಿನ ಮಾರ್ಲಮಿಗಂಟ ಅಲ್ಲಿ ಅವಳ್ಗೆ ಯಾರ್ ಹಾಕ್ಸ್ತಾರೆ?”

ಅಂಗಡಿಯವನು ನಗಲೂ ಇಲ್ಲ, ಅಳಲೂ ಇಲ್ಲ. ಒಂದು ವರ್ಷದ್ದೇ ಹಾಕಿದ. ಫೋನು ಚಾರ್ಜ್ ಮಾಡಿ ಆರಿಸಿಟ್ಟೆ.

ಹಬ್ಬದ ದಿನ ಬೆಳಿಗ್ಗೆ ಡೇರಿ ಮುಗಿಸಿ ಕಂಪ್ಯೂಟರಿನ ಮುಂದೆ ಕೂತೆ. ಅವಳಿಗೆ ಎಡೆ ಇಡಲು ಹೊರಟವನು ಅವಳು ಬದುಕಿದ್ದಾಳೆ ಅಂತ ಇನ್ನೊಂದು ಕಡೆ ಹೇಗೆ ನಟಿಸಲಿ? ಎರಡರಲ್ಲಿ ಒಂದನ್ನು ಬಿಡಬೇಕಿತ್ತು. ಬರೆದೆ: ‘ಇದನ್ನು ನಡೆಸುತ್ತಿದ್ದವಳು ನನ್ನ ಹೆಂಡತಿ. ಯುಗಾದಿ ಆದ ಮೇಲೆ ತೀರಿಕೊಂಡಳು. ಇಷ್ಟು ದಿನ ಬರೆದವನು ನಾನು. ಹೇಳಲು ಆಗಲಿಲ್ಲ. ಇವತ್ತು ಅವಳಿಗೆ ಎಡೆ ಇಡುತ್ತಿದ್ದೇವೆ.’ ಒತ್ತಿದೆ. ಕಂಪ್ಯೂಟರ್ ಆರಿಸಿ ಮನೆಗೆ ಬಂದೆ. ಅವತ್ತೇ ಅವಳನ್ನು ಮಣ್ಣು ಮಾಡಿ ಬಂದ ಹಾಗಿತ್ತು.

ಮಧ್ಯಾಹ್ನ ಎಡೆ ಇಟ್ಟೆವು. ಅವಳ ಫೋಟೊ ಮುಂದೆ ಬಾಳೆ ಎಲೆ, ಎಲೆಯ ಪಕ್ಕ ಸೀರೆ, ಸೀರೆಯ ಮೇಲೆ ಫೋನು. ಅತ್ತೆ ಫೋನಿಗೂ ಕುಂಕುಮ ಇಟ್ಟು ಸೇವಂತಿಗೆ ಏರಿಸಿ, “ಆನ್ ಮಾಡಪ್ಪ” ಅಂದರು. ಆನ್ ಮಾಡಿದೆ. ಸಾಂಬ್ರಾಣಿ ಹಾಕಿ ಎಲ್ಲರೂ ಹೊರಗೆ ಬಂದು ಬಾಗಿಲು ಮುಚ್ಚಿದೆವು. ಸತ್ತವರು ಬಂದು ಉಂಡು ಹೋಗುವ ಹೊತ್ತು ಅದು. ಯಾರೂ ಮಾತಾಡಬಾರದು. ನೆಂಟರೆಲ್ಲ ಜಗಲಿಯ ಮೇಲೆ ತಲೆ ತಗ್ಗಿಸಿ ನಿಂತಿದ್ದರು.

ಒಳಗಿನಿಂದ ‘ಟಿಂಗ್’ ಅಂತು.

ಎಲ್ಲರೂ ತಲೆಯೆತ್ತಿದರು. ಮತ್ತೆ ಟಿಂಗ್. ಆಮೇಲೆ ಟಿಂಗ್ ಟಿಂಗ್ ಟಿಂಗ್ ಅಂತ ಬಿಡುವೇ ಇಲ್ಲ. ನನ್ನ ಚಿಕ್ಕಪ್ಪ ಚಪ್ಪಲಿ ಬಿಟ್ಟು ಕೈ ಮುಗಿದರು. “ಬಂದವ್ಳೆ ಕಣ್ರಪ್ಪ” ಅಂತ ಯಾರೋ ಪಿಸುಗುಟ್ಟಿದರು.

ಅದು ಏನು ಅಂತ ನನಗೊಬ್ಬನಿಗೇ ಗೊತ್ತಿತ್ತು. ಬೆಳಿಗ್ಗೆ ಬರೆದದ್ದನ್ನು ಅವರೆಲ್ಲ ಓದಿದ್ದರು. ನಾವು ಮುಖ ನೋಡದ ಅಷ್ಟೂ ಜನ ಅವಳಿಗೆ ಬರೆಯುತ್ತಿದ್ದರು, ಅವಳ ಫೋನಿಗೆ ಬಂದು ಬೀಳುತ್ತಿತ್ತು. ಅವಳಿಗೆ ಇಷ್ಟು ಮಂದಿ ಇದ್ದರು ಅಂತ ಆಗ ತಿಳಿಯಿತು. ನಾನು ಕಂಬ ಹಿಡಿದುಕೊಂಡು ಅತ್ತುಬಿಟ್ಟೆ. ಒಳಗೆ ಟಿಂಗ್ ಟಿಂಗ್ ನಿಲ್ಲಲಿಲ್ಲ.

ಅತ್ತೆ ಸ್ವಲ್ಪ ಹೊತ್ತು ಕಿವಿಗೊಟ್ಟು ಕೇಳಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆಮೇಲೆ ತಡೆಯಲಾಗದೆ ಹೋಗಿ ಮುಚ್ಚಿದ ಬಾಗಿಲನ್ನು ದಬದಬ ಬಡಿದರು.

“ಅಮ್ಮಣ್ಣೀ! ಆ ಫೋನ್ ಆಮ್ಯಾಕ್ ನೋಡೀಯಂತೆ ಮಡಗೇ! ಮುದ್ದೆ ಆರೋಯ್ತದೆ, ಮೊದ್ಲು ಉಣ್ಣೇ!”